ಹಳೇ ತಗಡಿನ ಶೆಡ್ ತೆಗೆಯುವ ಮುಂಚೆ: ಕೊಡಗಿನ ಮನೆ-ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹಿತ್ತಲಿಗೊಂದು ತಗಡಿನ ಶೆಡ್ ಇಲ್ಲದ ಮನೆ ಅಪರೂಪ. ಗೊಬ್ಬರ, ಸ್ಪ್ರೇ ಪಂಪು, ಏಣಿ, ಗೋಣಿಚೀಲ, ಸೌದೆ, ಕೆಟ್ಟುಹೋದ ಮೋಟಾರು ಎಲ್ಲಾ ಅದರೊಳಗೇ. ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಮೇಲೆ ಅದು ಸೋರುತ್ತದೆ, ವಾಲುತ್ತದೆ, ಒಂದು ದಿನ ಮನೆಯವರು "ತೆಗೆದು ಹಾಕಿ ಇದನ್ನ" ಅನ್ನುತ್ತಾರೆ. ಇಲ್ಲಿರುವ ಉತ್ತರಗಳು ಸಣ್ಣ ಶೆಡ್‌ಗಳಿಗೆ ಮಾತ್ರ: ಎತ್ತರ ಹತ್ತು ಅಡಿಯೊಳಗೆ, ಆಂಗಲ್ (ಎಲ್ ಆಕಾರದ ಕಬ್ಬಿಣ) ಅಥವಾ ಪೈಪಿನ ಕಂಬ, ಮೇಲೆ ತಗಡಿನ ಮಾಡು, ಅಂದರೆ ಛಾವಣಿ. ದೊಡ್ಡ ಗೋಡೌನ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಇದ್ದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಅದು ಬೇರೆಯದೇ ಕೆಲಸ.

ಯಾವ ತಿಂಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಕು?

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ಅದಕ್ಕಿಂತ ಮುಂಚೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಬಂದಿರುತ್ತದೆ, ಆಳು ಸಿಗುವುದಿಲ್ಲ, ಶೆಡ್ಡಿನಲ್ಲಿ ಕಾಲಿಡಲು ಜಾಗವೂ ಇರುವುದಿಲ್ಲ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಒಂದೆರಡು ದಿನ ಕೆಲಸ ನಿಲ್ಲಿಸಿ. ಹೇಗೂ ಆ ದಿನ ಎಲ್ಲರ ಗಮನ ತೋಟದ ಮೇಲೇ ಇರುತ್ತದೆ.

ಮೇ ತಿಂಗಳಿಗೆ ತಳ್ಳಿದರೆ ಮಧ್ಯಾಹ್ನದ ಮೇಲೆ ಗುಡುಗು ಗಾಳಿ ಶುರು. ಬೋಲ್ಟ್ ಅರ್ಧ ಬಿಚ್ಚಿದ ಮಾಡಿಗೆ ಗಾಳಿ ನುಗ್ಗಿದರೆ ತಗಡು ಎಲ್ಲಿಗೆ ಹಾರುತ್ತದೆ ಅಂತ ಯಾರೂ ಹೇಳಲಾರರು. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲಿ ಶೆಡ್ ತಾನಾಗೇ ಬೀಳುವ ಹಾಗಿದ್ದರೆ ಒಳಗಿನ ಸಾಮಾನು ತೆಗೆದು, ಸುತ್ತ ಹಗ್ಗ ಕಟ್ಟಿ, ಮಕ್ಕಳು ದನ ಹತ್ತಿರ ಹೋಗದಂತೆ ನೋಡಿಕೊಂಡರೆ ಸಾಕು.

ದಿನದಲ್ಲಿ ಹೊತ್ತು ಕೂಡ ಮುಖ್ಯ. ಬೆಳಗ್ಗೆ ಇಬ್ಬನಿ ಬಿದ್ದ ತಗಡು ವಿಪರೀತ ಜಾರುತ್ತದೆ, ಅದರ ಮೇಲೆ ಪಾಚಿ ಬೇರೆ. ಒಂಬತ್ತೂವರೆ ಹೊತ್ತಿಗೆ ಆರಿದ ಮೇಲೆ ಶುರು ಮಾಡಿ, ಮೂರು ಗಂಟೆಗೆ ಮೇಲಿನ ಕೆಲಸ ನಿಲ್ಲಿಸಿ. ಬಿಚ್ಚಲು ಶುರು ಮಾಡಿದ ತಗಡನ್ನು ಅರ್ಧಕ್ಕೆ ಬಿಟ್ಟು ಊಟಕ್ಕೂ ಹೋಗಬೇಡಿ.

ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಐದೇ ನಿಮಿಷದ ಕೆಲಸ ಅಲ್ವಾ?

ಬೀಳಿಸುವುದು ಐದು ನಿಮಿಷ ಹೌದು. ಆಮೇಲೆ ನಿಮ್ಮ ಮುಂದೆ ಇರುವುದು ತಿರುಚಿಕೊಂಡ ತಗಡು, ಬಾಗಿದ ಆಂಗಲ್, ಒಂದರೊಳಗೊಂದು ಸಿಕ್ಕಿಕೊಂಡ ರಾಶಿ. ಬಾಗಿದ ಕಬ್ಬಿಣ ಬಿಲ್ಲಿನ ಹಾಗೆ ಎಳೆದು ಕೂತಿರುತ್ತದೆ. ಒಂದು ಕಡೆ ಕತ್ತರಿಸಿದ ತಕ್ಷಣ ಇನ್ನೊಂದು ತುದಿ ಚಿಮ್ಮುತ್ತದೆ. ಕೈ ಕಾಲು ಕೊಯ್ದುಕೊಳ್ಳುವುದು ಹೆಚ್ಚಾಗಿ ಈ ರಾಶಿ ಬಿಡಿಸುವಾಗಲೇ.

ಹಗ್ಗ ತುಂಡಾದರೆ ಅದು ಚಾಟಿಯಂತೆ ವಾಪಸ್ ಬರುತ್ತದೆ, ಸ್ಟೀಲ್ ರೋಪ್ ಆದರಂತೂ ಕೇಳುವುದೇ ಬೇಡ. ಇನ್ನೊಂದು ವಿಷಯ, ನಮ್ಮಲ್ಲಿ ಶೆಡ್ಡುಗಳು ಸಮತಟ್ಟು ಜಾಗದಲ್ಲಿ ಇರುವುದು ಕಡಿಮೆ. ಇಳಿಜಾರಿನಲ್ಲಿ ಎಳೆದದ್ದು ನೀವು ಎಣಿಸಿದ ಕಡೆಗೇ ಬೀಳಬೇಕೆಂದೇನೂ ಇಲ್ಲ. ಒಟ್ಟಿನಲ್ಲಿ ನನ್ನ ಮಾತು ಒಂದೇ: ಬೀಳಿಸಬೇಡಿ, ಬಿಚ್ಚಿ. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ಶೆಡ್ ನಿಂತಿದೆ ಅಂದರೆ ಗಟ್ಟಿ ಇದೆ ಅಂತ ತಿಳಿಯಬಹುದಾ?

ತಿಳಿಯಬೇಡಿ. ಕಂಬ ಮೇಲೆ ಚೆನ್ನಾಗಿ ಕಂಡರೂ ನೆಲಕ್ಕೆ ತಾಗುವ ಅರ್ಧ ಅಡಿಯಲ್ಲಿ ತುಕ್ಕು ತಿಂದಿರುತ್ತದೆ. ಅಲ್ಲಿ ಮಣ್ಣು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಪರವಾಗಿಲ್ಲ. ಮಂಕು ಸದ್ದು ಬಂದರೆ, ಚಕ್ಕೆ ಉದುರಿದರೆ, ಸ್ಕ್ರೂಡ್ರೈವರ್ ಒಳಗೆ ಹೋದರೆ ಆ ಕಂಬವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತೋಟದ ಶೆಡ್ಡುಗಳಲ್ಲಿ ಇದಕ್ಕೆ ಮಳೆಯೊಂದೇ ಕಾರಣವಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲ ಇಟ್ಟ ಮೂಲೆ ನೋಡಿ. ಮೈಲುತುತ್ತ ಕಬ್ಬಿಣವನ್ನೂ ಅದರ ಮೇಲಿನ ಸತುವಿನ ಲೇಪವನ್ನೂ ತಿನ್ನುತ್ತದೆ, ಅದಕ್ಕೇ ಆ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸುವುದಿಲ್ಲ. ಪೊಟ್ಯಾಷ್, ಯೂರಿಯಾ ಚೀಲಗಳೂ ಕಮ್ಮಿ ಇಲ್ಲ, ಗಾಳಿಯ ತೇವ ಎಳೆದು ಪಕ್ಕದ ಕಂಬಕ್ಕೆ ತುಕ್ಕು ಹತ್ತಿಸುತ್ತವೆ. ಹಾಗಾಗಿ ಗೊಬ್ಬರ ಇಟ್ಟಿದ್ದ ಕಡೆಯ ಕಂಬಗಳನ್ನೇ ಮೊದಲು ಪರೀಕ್ಷಿಸಿ.

ಬುಡ ಹೋಗಿದ್ದರೆ ಆ ಕಂಬಕ್ಕೆ ಏಣಿ ಒರಗಿಸಬೇಡಿ. ಪಕ್ಕದಲ್ಲಿ ಗಟ್ಟಿ ಮರದ ಆಸರೆ ಕೊಟ್ಟು, ಬುಡಕ್ಕೆ ಹಲಗೆ ತುಂಡು ಇಟ್ಟು ಬಿಗಿ ಮಾಡಿ. ಎರಡಕ್ಕಿಂತ ಜಾಸ್ತಿ ಕಂಬದ ಬುಡ ಹೋಗಿದ್ದರೆ ಒಳಗೆ ನಿಂತು ಕೆಲಸ ಮಾಡುವ ಯೋಚನೆ ಬಿಟ್ಟು ಫ್ಯಾಬ್ರಿಕೇಶನ್ ಕೆಲಸದವರನ್ನು ಕರೆಸಿ.

ಮಾಡಿಗೆ ಹಾಕಿರುವುದು ತಗಡಲ್ಲ, ಬೂದು ಬಣ್ಣದ ಸಿಮೆಂಟ್ ಶೀಟು. ಅದೂ ಹಾಗೇ ಬಿಚ್ಚಬಹುದಾ?

ಇಲ್ಲಿ ಸ್ವಲ್ಪ ನಿಲ್ಲಿ. ಎಷ್ಟೋ ಶೆಡ್ಡಿಗೆ ಗೋಡೆ ತಗಡಿನದು, ಮಾಡು ಸಿಮೆಂಟ್ ಶೀಟಿನದು. ಹಳೇ ಸಿಮೆಂಟ್ ಶೀಟು ಅಂದರೆ ಆಸ್ಬೆಸ್ಟಾಸ್ ಇದೆ ಎಂದೇ ತಿಳಿದು ನಡೆಯಿರಿ. ಅಯಸ್ಕಾಂತ ಹಿಡಿಯುವುದಿಲ್ಲ, ತಟ್ಟಿದರೆ ತಗಡಿನ ಸದ್ದು ಬರುವುದಿಲ್ಲ, ಮುರಿದ ಅಂಚಿನಲ್ಲಿ ಸಣ್ಣ ನಾರು ಕಾಣಬಹುದು. ಅರವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟು ಇನ್ನೂ ಮಾರಾಟಕ್ಕಿದೆ, ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಶೀಟು ಸುಮ್ನೆ ಮಾಡಿನ ಮೇಲಿದ್ದರೆ ಅಪಾಯ ಕಡಿಮೆ. ಒಡೆದಾಗ, ಗ್ರೈಂಡರ್ ಹಾಕಿ ಕತ್ತರಿಸಿದಾಗ, ಡ್ರಿಲ್ ಮಾಡಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದ ನಾರು ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ಯಾವ ಶೆಡ್ಡು, ಯಾವ ಧೂಳು ಅಂತ ಯಾರಿಗೆ ನೆನಪಿರುತ್ತದೆ?

ತೆಗೆಯಲೇಬೇಕಾದರೆ ಇಡೀ ಶೀಟು ಇಡಿಯಾಗಿಯೇ ಕೆಳಗಿಳಿಯಬೇಕು. ಮೊದಲು ನೀರಿಗೆ ಸ್ವಲ್ಪ ಸೋಪು ಹಾಕಿ, ವಿಷ ಹೊಡೆಯದ ಶುದ್ಧ ಸ್ಪ್ರೇ ಕ್ಯಾನಿನಿಂದ ಎರಡೂ ಕಡೆ ಒದ್ದೆ ಮಾಡಿ. ಕೆಳಗಿನಿಂದ ಶೀಟು ಹಿಡಿದಿರುವ ಹುಕ್ಕು ಕತ್ತರಿಸಿ, ಇಬ್ಬರು ಹಿಡಿದು ಇಳಿಸಿ. ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪ್ ಹಾಕಿ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಎನ್-95 ಮಾಸ್ಕನ್ನೂ ನಂಬಬೇಡಿ, ಅದಕ್ಕಿಂತ ಮೇಲಿನ ಪಿ-100 ಅಥವಾ ಎಫ್‌ಎಫ್‌ಪಿ-3 ದರ್ಜೆಯದು ಬೇಕು. ಆ ದಿನದ ಬಟ್ಟೆ ಕೊಡವದೆ ಬೇರೆಯಾಗಿ ಒಗೆಯಿರಿ. ಚೂರು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಡೆದ ಶೀಟನ್ನು ತೋಟದ ರಸ್ತೆಯ ಗುಂಡಿಗೆ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಜೀಪಿನ ಚಕ್ರ ಅದನ್ನು ದಿನಾ ಪುಡಿ ಮಾಡುತ್ತದೆ, ದಿನಾ ಯಾರೋ ಉಸಿರಾಡುತ್ತಾರೆ. ದಯವಿಟ್ಟು ಬೇಡ. ಸುತ್ತಿಟ್ಟ ಶೀಟನ್ನು ಎಲ್ಲಿಗೆ ಕೊಡಬೇಕೆಂದು ಪಂಚಾಯಿತಿಯಲ್ಲಿ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಿ. ತಡವಾದರೂ ಪರವಾಗಿಲ್ಲ, ಸುತ್ತಿಟ್ಟಿದ್ದು ಯಾರಿಗೂ ತೊಂದರೆ ಕೊಡುವುದಿಲ್ಲ.

ಒಳಗಿನ ಸಾಮಾನು ತೆಗೆಯುವಾಗ ಏನು ನೋಡಬೇಕು?

ಡಬ್ಬಗಳನ್ನು. ಅಪ್ಪನ ಕಾಲದ, ಲೇಬಲ್ ಹೋದ ಔಷಧಿ ಡಬ್ಬ ಇಲ್ಲದ ಶೆಡ್ಡು ತೋಟಗಳಲ್ಲಿ ಸಿಗುವುದು ಕಷ್ಟ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲೇ ತಡೆದಿದೆ, ಆದರೆ ಮೂಲೆಯ ಡಬ್ಬಕ್ಕೆ ಅದು ಗೊತ್ತಿಲ್ಲವಲ್ಲ. ತೆರೆಯಬೇಡಿ, ಮೂಸಬೇಡಿ, ಒಂದರಲ್ಲಿದ್ದದ್ದನ್ನು ಇನ್ನೊಂದಕ್ಕೆ ಸುರಿಯಬೇಡಿ. ತುಕ್ಕು ಹಿಡಿದು ಸೋರುವ ಡಬ್ಬವನ್ನು ರಬ್ಬರ್ ಗ್ಲೌಸ್ ಹಾಕಿ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಇಳಿಸಿ, ಸುತ್ತ ಮರಳು ಅಥವಾ ಹೊಟ್ಟು ತುಂಬಿ, ಮುಚ್ಚಿ, ಬೀಗ ಇರುವ ಕಡೆ ಇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಲೇವಾರಿ ಬಗ್ಗೆ ಕೇಳಿ.

ತೋಡಿಗೆ (ಹಳ್ಳಕ್ಕೆ) ಮಾತ್ರ ಚೆಲ್ಲಲೇಬೇಡಿ. ನಮ್ಮ ಬಹುಪಾಲು ತೋಡಿನ ನೀರು ಕೊನೆಗೆ ಸೇರುವುದು ಕಾವೇರಿಗೆ. ಹುಲ್ಲು ಹೊಡೆಯುವ ಮಿಷಿನ್ನಿನ ಪೆಟ್ರೋಲ್ ಕ್ಯಾನು, ಹಳೇ ಆಯಿಲ್, ಗ್ಯಾಸ್ ಸಿಲಿಂಡರು ಇದ್ದರೆ ಮೊದಲ ದಿನವೇ ಶೆಡ್ಡಿನಿಂದ ದೂರ ಸಾಗಿಸಿ.

ಹಾವಿನ ಭಯ. ಏನು ಮಾಡೋದು?

ಭಯ ಸರಿಯಾದದ್ದೇ. ಬೆಚ್ಚಗಿನ ತಗಡು, ಇಲಿ, ಗೋಣಿಚೀಲ, ಇವಿಷ್ಟು ಇದ್ದರೆ ಹಾವಿಗೆ ಬೇರೆ ಏನು ಬೇಕು? ನಾಗರ, ಕೊಳಕುಮಂಡಲ, ಕಟ್ಟುಹಾವು, ಗುಳಿಮಂಡಲ ನಮ್ಮಲ್ಲಿವೆ, ಕಾಡಂಚಿನಲ್ಲಿ ಕಾಳಿಂಗವೂ ಬರುತ್ತದೆ.

ಕೆಲಸಕ್ಕೆ ಎರಡು ದಿನ ಮುಂಚೆ ಬಾಗಿಲು ತೆರೆದಿಡಿ, ಸುತ್ತಲಿನ ಪೊದೆ ಸವರಿ, ಒಳಗೆ ಉದ್ದ ಕೋಲಿನಿಂದ ತಟ್ಟಿ ಸದ್ದು ಮಾಡಿ. ಹೆಚ್ಚಿನವು ತಾವಾಗೇ ಹೋಗುತ್ತವೆ. ನೆಲದ ಮೇಲೆ ಪೇರಿಸಿಟ್ಟ ತಗಡು ಎತ್ತುವಾಗ ಕೈ ಒಳಗೆ ತೂರಿಸಬೇಡಿ. ಹಾರೆಯಿಂದ ಅಥವಾ ಕೊಕ್ಕೆಯಿಂದ ಆಚೆ ಕಡೆಯ ಅಂಚನ್ನು ನಿಮ್ಮ ಕಡೆಗೆ ಎತ್ತಿ. ಆಗ ತಗಡು ನಿಮಗೂ ಹಾವಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ, ಹಾವು ಆಚೆಗೆ ಹೊರಡುತ್ತದೆ. ಈಚೆ ಅಂಚು ಎತ್ತಿದರೆ ಅದು ನಿಮ್ಮ ಕಾಲಿಗೇ ಬರುತ್ತದೆ.

ಕಂಡರೆ ಹೊಡೆಯಬೇಡಿ. ನಾಗರ, ಕಾಳಿಂಗ, ಹೆಬ್ಬಾವು ಮುಂತಾದವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹೊಡೆಯಲು ಹೋಗಿಯೇ ಕಚ್ಚಿಸಿಕೊಂಡವರೂ ಕಮ್ಮಿಯಿಲ್ಲ. ಅರಣ್ಯ ಇಲಾಖೆಗೆ ಅಥವಾ ಊರಿನ ಹಾವು ಹಿಡಿಯುವವರಿಗೆ ಫೋನ್ ಮಾಡಿ.

ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಕಚ್ಚಿದ ಕೈ ಕಾಲು ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ. ಹೊರಡುವಾಗಲೇ ಫೋನ್ ಮಾಡಿ ಆಂಟಿವೆನಮ್ ಇದೆಯೇ ಕೇಳಿಕೊಳ್ಳಿ. ನಮ್ಮ ದೇಶದ ಆಂಟಿವೆನಮ್ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಗುಳಿಮಂಡಲ ಕಚ್ಚಿದರೂ ಆಸ್ಪತ್ರೆಯೇ ಗತಿ, ರಕ್ತಸ್ರಾವ ಮತ್ತು ಕಿಡ್ನಿ ತೊಂದರೆಗೆ ಅಲ್ಲಿ ಮಾತ್ರ ಚಿಕಿತ್ಸೆ ಸಿಗುತ್ತದೆ.

ಕಡಜದ ಗೂಡು, ಜೇನು, ಪುನುಗು ಬೆಕ್ಕು?

ತಗಡಿಗೆ ಸುತ್ತಿಗೆ ಏಟು ಬಿದ್ದ ಕೂಡಲೇ ಕಡಜ ಏಳುತ್ತದೆ, ಆಗ ಏಣಿಯ ಮೇಲಿರುವವರು ಓಡುವುದಾದರೂ ಎಲ್ಲಿಗೆ? ಹಿಂದಿನ ದಿನ ದೂರದಿಂದ ಮಾಡಿನಡಿ ಎಲ್ಲಾ ಮೂಲೆ ನೋಡಿ. ಗೂಡಿದ್ದರೆ ಗೊತ್ತಿರುವವರನ್ನು ಕರೆಸಿ. ಬೆಂಕಿ ಹಿಡಿಯುವ ಸಾಹಸ ಮಾರ್ಚ್ ತಿಂಗಳ ಒಣ ಎಲೆಯ ನಡುವೆ ಬೇಡ. ತುಡುವೆ ಜೇನು ಇದ್ದರೆ ಪೆಟ್ಟಿಗೆಗೆ ಕೂರಿಸುವವರು ಸಂತೋಷದಿಂದ ಬರುತ್ತಾರೆ. ಅಟ್ಟದಲ್ಲಿ ಪುನುಗು ಬೆಕ್ಕು ಮರಿ ಹಾಕಿದ್ದರೆ ಮರಿ ಹೊರಡುವವರೆಗೆ ಕಾಯಿರಿ.

ಇಲಿ ಹಿಕ್ಕೆ ತುಂಬಿದ ನೆಲವನ್ನು ಒಣದಾಗಿ ಗುಡಿಸಬೇಡಿ. ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ ಆಮೇಲೆ ತೆಗೆಯಿರಿ. ಇಲಿ ಜ್ವರ ಇಲಿ ಮೂತ್ರ ಸೇರಿದ ನೀರು ಮಣ್ಣಿನಿಂದ ಬರುತ್ತದೆ, ಕಾಲಿನ ಸಣ್ಣ ಗಾಯವೇ ಅದಕ್ಕೆ ಬಾಗಿಲು.

ಶೆಡ್ಡಿಗೆ ಒಂದೇ ಬಲ್ಬಿನ ವೈರಿಂಗ್ ಇದೆ. ಕರೆಂಟ್ ಇಲ್ಲದ ಹೊತ್ತಲ್ಲಿ ಬಿಚ್ಚಿದರೆ ಸಾಕಾ?

ಸಾಲದು. ನಮ್ಮಲ್ಲಿ ಕರೆಂಟ್ ಹೋಗುವುದಕ್ಕೂ ಬರುವುದಕ್ಕೂ ಹೊತ್ತು ಗೊತ್ತಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದು ಶೆಡ್ಡಿನ ಲೈನ್ ಅದಕ್ಕೆ ಸೇರಿದ್ದರೆ ಊರಿಗೇ ಕರೆಂಟ್ ಇಲ್ಲದಾಗಲೂ ತಗಡಿಗೆ ಕರೆಂಟ್ ಬರಬಹುದು. ಇಲಿ ಕಡಿದ ವೈರು ತಗಡಿಗೆ ತಾಗಿದರೆ ಇಡೀ ಶೆಡ್ ಹೊಡೆಯುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಬೋರ್ಡಿನ ಕಡೆಯಿಂದಲೇ ವೈರು ಕಳಚಿಸಿ. ಸ್ವಿಚ್ ಆಫ್ ಮಾಡುವುದು ಬೇರೆ, ವೈರು ಕಳಚುವುದು ಬೇರೆ. ಕರೆಂಟ್ ಕಂಬದಿಂದ ಬರುವ ಸರ್ವಿಸ್ ವೈರನ್ನು ಶೆಡ್ಡಿನ ಆಂಗಲ್ಲಿಗೆ ಕಟ್ಟಿದ್ದರೆ ನೀವು ಮುಟ್ಟುವ ಹಾಗೇ ಇಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನ 1912 ನಂಬರಿಗೆ ಫೋನ್ ಮಾಡಿ ದೂರು ಕೊಟ್ಟು ಲೈನ್‌ಮ್ಯಾನ್ ಬರುವವರೆಗೆ ಕಾಯಿರಿ. ಮೇಲೆ ಲೈನು ಹಾದಿದ್ದರೆ ಉದ್ದದ ಪೈಪು, ತಗಡನ್ನು ನೆಟ್ಟಗೆ ಎತ್ತಬೇಡಿ, ಅಡ್ಡಡ್ಡವಾಗಿಯೇ ಸಾಗಿಸಿ. ಅಲ್ಯೂಮಿನಿಯಂ ಏಣಿ ಆ ಜಾಗಕ್ಕೆ ಬೇಡ.

ಏನೇನು ಹಾಕಿಕೊಳ್ಳಬೇಕು? ಗಮ್‌ಬೂಟ್ ಸಾಕಲ್ವಾ?

ತೋಟದ ಗಮ್‌ಬೂಟು ಜಿಗಣೆಗೆ ಸರಿ, ಮೊಳೆಗೆ ಅಲ್ಲ. ಹಳೇ ಮೊಳೆ ರಬ್ಬರ್ ಅಡಿಯನ್ನು ಸಲೀಸಾಗಿ ತೂರುತ್ತದೆ. ಅಡಿ ಗಟ್ಟಿ ಇರುವ ಸೇಫ್ಟಿ ಶೂ, ದಪ್ಪ ಚರ್ಮದ ಗ್ಲೌಸ್, ಉದ್ದ ತೋಳಿನ ಅಂಗಿ, ಹೆಲ್ಮೆಟ್, ಕನ್ನಡಕ. ತಲೆ ಮೇಲೆ ತುಕ್ಕು ಉದುರುವ ಕೆಲಸಕ್ಕೆ ಕನ್ನಡಕ ಇಲ್ಲದೆ ಯಾರನ್ನೂ ಬಿಡಬೇಡಿ, ಅವರು ಎಷ್ಟೇ ಅನುಭವದವರಾಗಿರಲಿ.

ಸರಿ, ಬಿಚ್ಚುವ ಕ್ರಮ ಹೇಳಿ.

ಕಟ್ಟಿದ ಕ್ರಮವನ್ನು ತಲೆಕೆಳಗು ಮಾಡಿ. ಕೊನೆಗೆ ಹಾಕಿದ್ದು ಮೊದಲು ಬರಬೇಕು.

ಮೊದಲು ಬಾಗಿಲು, ಕಿಟಕಿ, ಮಾಡಿನಂಚಿನ ನೀರಿನ ದೋಣಿ. ಬಾಗಿಲು ತೆಗೆದರೆ ಗಾಬರಿಯಲ್ಲಿ ಹೊರಗೆ ಓಡಲು ದಾರಿಯೂ ಆಯಿತು. ಆಮೇಲೆ ಮಾಡಿನ ನೆತ್ತಿಯ ರಿಡ್ಜ್. ಅದಾದ ಮೇಲೆ ಮಾಡಿನ ತಗಡು, ಪಕ್ಕದ ತಗಡಿನ ಮೇಲೆ ಹೊದ್ದುಕೊಂಡಿರುವ ತಗಡಿನಿಂದ ಶುರು. ಅಡಿಯಲ್ಲಿರುವುದನ್ನು ಎಳೆದರೆ ಎರಡೂ ಹರಿಯುತ್ತವೆ. ಒಂದೇ ಮಗ್ಗುಲು ಪೂರ್ತಿ ಖಾಲಿ ಮಾಡಬೇಡಿ, ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು ಹೀಗೆ ಹೋಗಿ.

ಹತ್ತಡಿ ಉದ್ದ, ಮೂರಡಿ ಅಗಲ, ಅರ್ಧ ಮಿಲಿಮೀಟರ್ ದಪ್ಪದ ಒಂದು ತಗಡು ಸುಮಾರು 12 ಕೆಜಿ ತೂಗುತ್ತದೆ. ತೂಕ ದೊಡ್ಡದಲ್ಲ, ಗಾಳಿ ಹಿಡಿಯುವ ಅಗಲ ದೊಡ್ಡದು. ಕೊನೆಯ ಎರಡು ಬೋಲ್ಟ್ ಬಿಚ್ಚುವ ಮುಂಚೆ ತಗಡಿಗೆ ಹಗ್ಗ ಹಾಕಿ, ಎರಡು ಬಿದಿರು ಒರಗಿಸಿ ಅದರ ಮೇಲೆ ಜಾರಿಸಿ ಇಳಿಸಿ. ಮೇಲಿನಿಂದ ಎಸೆಯುವುದು ಬೇಡ. ಇಳಿದ ತಗಡನ್ನು ಅಲ್ಲೇ ಒಂದೆಡೆ ಪೇರಿಸಿ ಮೇಲೆ ಕಲ್ಲು ಹೇರಿ.

ಈಗ ಬರುವುದು ಬಹಳ ಜನ ಎಡವುವ ಜಾಗ. ಮಾಡು ಹೋದ ಮೇಲೆ ಶೆಡ್ ಹಗುರಾಯಿತು ಅಂತ ಗೋಡೆ ತಗಡನ್ನು ಸರಸರ ಕೀಳುತ್ತಾರೆ. ಸಣ್ಣ ಶೆಡ್ಡಿನಲ್ಲಿ ಎಷ್ಟೋ ಸಲ ಫ್ರೇಮನ್ನು ಪಕ್ಕಕ್ಕೆ ವಾಲದಂತೆ ಹಿಡಿದಿರುವುದೇ ಆ ಗೋಡೆ ತಗಡು. ಅದು ಹೋದರೆ ಕಂಬಗಳು ಒಟ್ಟಿಗೆ ಒಂದು ಪಕ್ಕಕ್ಕೆ ಮಲಗುತ್ತವೆ. ಆದ್ದರಿಂದ ಗೋಡೆಗೆ ಕೈ ಹಾಕುವ ಮುಂಚೆ ಮೂಲೆಯಿಂದ ಮೂಲೆಗೆ ಓರೆಯಾಗಿ ಬಿದಿರು ಅಥವಾ ಪೈಪು ಕಟ್ಟಿ, ಪ್ರತಿ ಮೂಲೆ ಕಂಬಕ್ಕೂ ಎರಡು ಕಡೆ ಹಗ್ಗ ಎಳೆದು ಗೂಟಕ್ಕೆ ಬಿಗಿಯಿರಿ. ಆಮೇಲೆ ಗೋಡೆ.

ಕೊನೆಗೆ ರೀಪರ್ (ತಗಡು ಕೂರಿಸಿದ್ದ ಅಡ್ಡಪಟ್ಟಿ), ಅಡ್ಡ ಆಂಗಲ್, ಕಂಬ. ಒಬ್ಬರು ಬೋಲ್ಟ್ ಬಿಚ್ಚುವಾಗ ಇಬ್ಬರು ಹಿಡಿದಿರಬೇಕು. ಕಂಬವನ್ನು ಒಂದೊಂದಾಗಿಯೇ ಇಳಿಸಿ.

ಮಾಡಿನ ಮೇಲೆ ಹತ್ತಿ ನಿಲ್ಲಬಹುದಾ?

ಇಲ್ಲ. ತುಕ್ಕು ತಿಂದ ತಗಡು ಕಾಲಡಿ ಬಿರಿಯುತ್ತದೆ. ಇನ್ನೂ ಕೆಟ್ಟದ್ದು ಬೆಳಕಿಗೆ ಅಂತ ನಡುವೆ ಹಾಕಿದ ಫೈಬರ್ ಶೀಟು. ಪಾಚಿ, ಎಲೆ ಮುಚ್ಚಿಕೊಂಡರೆ ಮೇಲಿನಿಂದ ಅದಕ್ಕೂ ತಗಡಿಗೂ ವ್ಯತ್ಯಾಸ ಕಾಣುವುದಿಲ್ಲ. ಶೆಡ್ಡಿನ ಒಳಗೆ ಸಾರುವೆ ಕಟ್ಟಿ, ಅಥವಾ ಗಟ್ಟಿ ಮೇಜು-ಹಲಗೆ ಹಾಕಿ, ಕೆಳಗಿನಿಂದಲೇ ಕೆಲಸ ಮಾಡಿ. ಏಣಿ ಬಳಸಿದರೆ ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಗೆ ಇರಲಿ, ಬುಡವನ್ನು ಒಬ್ಬರು ಹಿಡಿದಿರಲಿ.

ಬೋಲ್ಟ್ ತುಕ್ಕು ಹಿಡಿದು ಒಂದಾಗಿಬಿಟ್ಟಿದೆ, ತಿರುಗುವುದೇ ಇಲ್ಲ.

ಹಿಂದಿನ ಸಂಜೆ ತುಕ್ಕು ಬಿಡಿಸುವ ಸ್ಪ್ರೇ ಅಥವಾ ಡೀಸೆಲ್ ಹಚ್ಚಿಡಿ. ಆದರೆ ಮರುದಿನ ಅಲ್ಲೇ ಗ್ರೈಂಡರ್ ಹಾಕುವುದಿದ್ದರೆ ಡೀಸೆಲ್ ಹಚ್ಚಬೇಡಿ. ಜೆ ಹುಕ್ಕಿನ ಬೋಲ್ಟುಗಳನ್ನು ತಿರುಗಿಸುತ್ತಾ ಕೂರುವ ಬದಲು ಒಳಗಿನಿಂದ ಬೋಲ್ಟ್ ಕಟರ್ ಹಾಕಿ ಹುಕ್ಕನ್ನೇ ತುಂಡು ಮಾಡುವುದು ಸುಲಭ. ಕಿಡಿ ಇಲ್ಲ, ಸದ್ದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ತರಬೇಕಾದ ಸಾಮಾನು ಅಂದರೆ ಉದ್ದ ಹಿಡಿಯ ಒಳ್ಳೇ ಬೋಲ್ಟ್ ಕಟರ್.

ಗ್ರೈಂಡರ್ ಅಥವಾ ಗ್ಯಾಸ್ ಕಟಿಂಗ್?

ಬೇಕೇ ಬೇಕಾದ ಕಡೆ ಗ್ರೈಂಡರ್. ಗಾರ್ಡ್ ಬಿಚ್ಚಿದ ಗ್ರೈಂಡರ್ ಕೈಗೆ ಕೊಡಬೇಡಿ, ಬಿರುಕು ಬಿಟ್ಟ ಡಿಸ್ಕ್ ಬಳಸಬೇಡಿ. ಕಿಡಿ ಹಲವು ಅಡಿ ದೂರ ಹಾರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಸಿಲ್ವರ್ ಓಕ್ ಎಲೆ, ಕಾಫಿ ಹೊಟ್ಟು, ಗೋಣಿ ಎಲ್ಲಾ ಒಣಗಿ ಕೂತಿರುತ್ತವೆ. ಸುತ್ತ ಕೆರೆದು ನೀರು ಹೊಡೆಯಿರಿ, ಎರಡು ಕೊಡ ನೀರು ಪಕ್ಕದಲ್ಲಿಡಿ, ಕೆಲಸ ಮುಗಿದ ಮೇಲೆ ಒಂದು ಗಂಟೆ ಯಾರಾದರೂ ಅಲ್ಲೇ ಇರಲಿ. ಬೆಂಕಿ ಹೊಗೆಯಾಡಿ ಆಮೇಲೆ ಏಳುತ್ತದೆ.

ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು, ಜಿಐ ಪೈಪಿಗೆ ಗ್ಯಾಸ್ ಕಟಿಂಗ್ ಬೇಡ. ಮೇಲಿನ ಸತು 907 ಡಿಗ್ರಿಗೆ ಆವಿಯಾಗುತ್ತದೆ, ಗ್ಯಾಸಿನ ಬೆಂಕಿ ಅದಕ್ಕಿಂತ ಬಹಳ ಬಿಸಿ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಕಬ್ಬಿಣದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು.

ಹಳೇ ಬಣ್ಣ ಉಜ್ಜಿ ತೆಗೆದು ಮಾರಿದರೆ ಜಾಸ್ತಿ ಬೆಲೆ ಬರುತ್ತದಾ?

ಬರುವುದಿಲ್ಲ, ಉಜ್ಜಲೂಬೇಡಿ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ, ಉಜ್ಜಿದರೆ ಆ ವಿಷದ ಧೂಳು ಉಸಿರಿಗೆ ಹೋಗುತ್ತದೆ. ಮನೆ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮಿತಿ ಜಾರಿಗೆ ಬಂದದ್ದೇ 2017ರಲ್ಲಿ.

ಮಳೆಗಾಲದಲ್ಲಿ ಮರ ಬಿದ್ದು ಶೆಡ್ ಅಪ್ಪಚ್ಚಿಯಾಗಿದೆ. ಎಲ್ಲಿಂದ ಶುರು ಮಾಡೋದು?

ಇದನ್ನು ಮನೆಯವರೇ ಮಾಡುವುದು ಬೇಡ ಅಂತ ನನ್ನ ಅಭಿಪ್ರಾಯ. ಮರದ ಭಾರಕ್ಕೆ ಆಂಗಲ್ಲು, ಪೈಪು ಬಗ್ಗಿ ಕೂತಿರುತ್ತವೆ. ಮರದ ಒಂದು ತುಂಡು ಕತ್ತರಿಸಿದ ಕೂಡಲೇ ಫ್ರೇಮು ಮೇಲಕ್ಕೆ ಎಗರಬಹುದು, ಉಳಿದ ದಿಮ್ಮಿ ಉರುಳಬಹುದು. ಮರ ಕೊಯ್ಯುವ ಅನುಭವಿಗಳು ಮೊದಲು ಸಣ್ಣ ಕೊಂಬೆಗಳಿಂದ ಭಾರ ಇಳಿಸಬೇಕು, ದಿಮ್ಮಿಗೆ ಆಸರೆ ಕೊಟ್ಟು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಆ ಹೊತ್ತಿಗೆ ಶೆಡ್ಡಿನ ಒಳಗೆ ಯಾರೂ ಇರಬಾರದು. ಕಾಡು ಜಾತಿ ಮರವಾದರೆ ಕೊಯ್ಯುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. ಫೋಟೋ ತೆಗೆದಿಡಿ, ಪರಿಹಾರ ಕೇಳುವುದಿದ್ದರೆ ಬೇಕಾಗುತ್ತದೆ.

ಶೆಡ್ಡಿನ ಹಿಂಗೋಡೆ ಬರೆಗೆ (ಕಡಿದಾದ ಮಣ್ಣಿನ ದಿಬ್ಬಕ್ಕೆ) ಅಂಟಿಕೊಂಡಿದೆ. ತೊಂದರೆ ಇದೆಯಾ?

ಇರಬಹುದು. ವರ್ಷಗಟ್ಟಲೆ ಜರಿದ ಮಣ್ಣು ಆ ತಗಡಿಗೂ ಕಂಬಕ್ಕೂ ಒರಗಿ ನಿಂತಿರುತ್ತದೆ. ತಗಡು ಉಬ್ಬಿದ್ದರೆ, ಹಿಂದಿನ ಕಂಬ ಮುಂದಕ್ಕೆ ವಾಲಿದ್ದರೆ ಅದೇ ಗುರುತು. ಕಿತ್ತ ಕೂಡಲೇ ಬರೆ ಜರಿಯುತ್ತದೆ, ಅಥವಾ ಇನ್ನೂ ಕೆಟ್ಟದಾಗಿ, ಜೂನ್ ಮಳೆಗೆ ಕಾದು ಕುಳಿತು ರಾತ್ರಿ ಜರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂಗೋಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮೇಲಿನಿಂದ ಸಡಿಲ ಮಣ್ಣು ಇಳಿಸಿ ಇಳಿಜಾರು ಕಮ್ಮಿ ಮಾಡಿ, ಬರೆಯ ನೆತ್ತಿಯಲ್ಲಿ ನೀರು ಬೇರೆ ಕಡೆಗೆ ಹೋಗಲು ಕಾಲುವೆ ತೆಗೆಯಿರಿ. ಬರೆ ಆಳೆತ್ತರಕ್ಕಿಂತ ಜಾಸ್ತಿ ಇದ್ದರೆ, ಅದರ ಮೇಲೆ ಮನೆ ಅಥವಾ ರಸ್ತೆ ಇದ್ದರೆ, ತಡೆಗೋಡೆಯ ವ್ಯವಸ್ಥೆ ಆಗುವವರೆಗೆ ಆ ಗೋಡೆ ಹಾಗೇ ಇರಲಿ. ಚಂದ ಕಾಣದಿದ್ದರೂ ಪರವಾಗಿಲ್ಲ.

ಗುಜರಿಯವರು ಸುಮ್ನೆ ಬಿಚ್ಚಿಕೊಂಡು ಹೋಗ್ತೀವಿ, ಕಬ್ಬಿಣ ನಮಗೆ ಬಿಡಿ ಅಂತಾರೆ. ಒಪ್ಪಬಹುದಾ?

ನಾನಾದರೆ ಒಪ್ಪುವುದಿಲ್ಲ. ಅವರಿಗೆ ಬೇಗ ಮುಗಿದಷ್ಟೂ ಲಾಭ. ಹಗ್ಗ ಕಟ್ಟಿ ಎಳೆಯುವುದು ಅಲ್ಲೇ ಶುರುವಾಗುತ್ತದೆ. ಬೆಲೆ ಬಾರದ ಸಿಮೆಂಟ್ ಶೀಟು, ಫೈಬರ್ ಚೂರು, ಮೊಳೆ ನಿಮ್ಮ ತೋಟದಲ್ಲೇ ಉಳಿಯುತ್ತದೆ. ನಿಮ್ಮ ಜಾಗದಲ್ಲಿ ಯಾರಾದರೂ ಬಿದ್ದರೆ ಓಡಾಡುವವರೂ ನೀವೇ. ದಿನಗೂಲಿ ಕೊಟ್ಟು, ನಿಂತು ಮಾಡಿಸಿ, ಆಮೇಲೆ ಕಬ್ಬಿಣ ಮಾರಿ. ತಗಡಿಗಿಂತ ಆಂಗಲ್ಲು ಪೈಪಿಗೆ ಬೆಲೆ ಜಾಸ್ತಿ, ಅಯಸ್ಕಾಂತ ಹಿಡಿಯದ ಅಲ್ಯೂಮಿನಿಯಂಗೆ ಇನ್ನೂ ಜಾಸ್ತಿ. ಮೂರನ್ನೂ ಬೇರೆ ಮಾಡಿ, ಕಾಫಿ ತೂಗುವ ನಿಮ್ಮ ತಕ್ಕಡಿಯಲ್ಲೇ ಒಮ್ಮೆ ತೂಗಿಡಿ. ಹಿಂದಿನ ರಾತ್ರಿಯ ಅಮಲು ಇಳಿಯದವರನ್ನು ಮಾತ್ರ ಏಣಿ ಹತ್ತಿಸಬೇಡಿ, ಎಷ್ಟೇ ಹಳೇ ಆಳಾದರೂ.

ಒಬ್ಬರೇ ಮಾಡುವ ಯೋಚನೆಯೂ ಬೇಡ. ತೋಟದೊಳಗೆ ಫೋನಿಗೆ ಸಿಗ್ನಲ್ ಸಿಗುವುದೇ ಕಷ್ಟ.

ತಗಡು ಕೊಯ್ದು ಗಾಯವಾದರೆ?

ಶುದ್ಧ ಬಟ್ಟೆ ಮಡಚಿ ಗಾಯದ ಮೇಲೆ ಬಿಗಿಯಾಗಿ ಒತ್ತಿ, ಕೈಯನ್ನು ಮೇಲೆತ್ತಿ ಹಿಡಿಯಿರಿ. ರಕ್ತ ನಿಂತ ಮೇಲೆ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಕಾಫಿ ಪುಡಿ ಮೆತ್ತಬೇಡಿ. ಅದು ಲೋಟದಲ್ಲೇ ಚೆಂದ. ಡಾಕ್ಟರಿಗೆ ಗಾಯ ಕಾಣದ ಹಾಗೆ ಮಾಡುತ್ತದೆ, ಕೊಳೆ ಒಳಗೇ ಉಳಿಯುತ್ತದೆ.

ಧನುರ್ವಾಯು ತುಕ್ಕಿನಿಂದ ಬರುತ್ತದೆ ಅನ್ನುವುದು ತಪ್ಪು. ಅದರ ಕ್ರಿಮಿ ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಆದ ಗಾಯಕ್ಕೆ ಅದು ಸುಲಭವಾಗಿ ಸೇರುತ್ತದೆ. ಕೊಳೆಯಾದ ಗಾಯವಾಗಿ, ಕೊನೆಯ ಇಂಜೆಕ್ಷನ್ ಹಾಕಿಸಿ ಐದು ವರ್ಷ ಕಳೆದಿದ್ದರೆ ಇನ್ನೊಂದು ಹಾಕಿಸಿಕೊಳ್ಳಬೇಕು. ಎಂದು ಹಾಕಿಸಿದ್ದೆಂದು ನೆನಪಿಲ್ಲದವರು ಕೆಲಸಕ್ಕೆ ಮುಂಚೆಯೇ ಡಾಕ್ಟರನ್ನು ಕಂಡು ಬನ್ನಿ.

ಬಿಚ್ಚಿದ ತಗಡನ್ನು ಮತ್ತೆ ಬಳಸಬಹುದಾ?

ತೂತಿಲ್ಲದ್ದು ಸೌದೆ ಮುಚ್ಚಲು, ಗೊಬ್ಬರ ಗುಂಡಿಗೆ ಹೊದಿಸಲು ಸಾಕು. ಔಷಧಿ ಚೆಲ್ಲಿದ ಕಡೆಯ ತಗಡು ಕೋಳಿಗೂಡಿಗೆ, ದನದ ಕೊಟ್ಟಿಗೆಗೆ ಬೇಡ. ಬೇಲಿಯ ಸಂದಿಗೆ ಹರಿದ ತಗಡು ಸಿಕ್ಕಿಸುವುದಂತೂ ಬೇಡ. ಆನೆ ಓಡಾಡುವ ಊರಿದು, ದನವೂ ಮೇಯುತ್ತದೆ, ರಾತ್ರಿ ನೀರು ಬಿಡಲು ಹೋಗುವವರ ಕಾಲೂ ಅಲ್ಲೇ ಹಾಯುತ್ತದೆ.

ಕೆಳಗಿನ ಸಿಮೆಂಟ್ ನೆಲ, ಕಂಬದ ಗುಂಡಿ?

ನೆಲ ಚೆನ್ನಾಗಿದ್ದರೆ ಒಡೆಯಬೇಡಿ. ತೊಳೆದರೆ ಸೌದೆ ಒಟ್ಟಲು ಅಥವಾ ಗಾಡಿ ನಿಲ್ಲಿಸಲು ಆಗುತ್ತದೆ. ಔಷಧಿ ಚೆಲ್ಲದ ನೆಲವಾದರೆ ಮಾತ್ರ ಕರಿಮೆಣಸು ಒಣಗಿಸಿ. ಕಂಬದ ಬುಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಹುಲ್ಲು ಮುಚ್ಚಿದ ಮೇಲೆ ಯಾರದೋ ಕಾಲು ಹೋಗುತ್ತದೆ. ಅಗೆದು ಕಾಂಕ್ರೀಟ್ ಸಮೇತ ತೆಗೆದು, ಗುಂಡಿಗೆ ಮಣ್ಣು ತುಂಬಿ ಚೆನ್ನಾಗಿ ದಮ್ಮಸು ಮಾಡಿ. ಮಳೆಗೆ ಮುಂಚೆ ತುಂಬದಿದ್ದರೆ ಅಲ್ಲಿ ನೀರು ಇಂಗಿ ಕೆಳಗಿನ ಬರೆ ಸಡಿಲವಾಗುತ್ತದೆ. ಕೊನೆಗೆ ಹಗ್ಗಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿ ಇಡೀ ಜಾಗದಲ್ಲಿ ಎಳೆದಾಡಿ. ಹಳೇ ಸ್ಪೀಕರಿನ ಅಯಸ್ಕಾಂತ ಸಾಕು. ಎಷ್ಟು ಮೊಳೆ, ವಾಷರು ಬರುತ್ತವೆ ನೋಡಿ.

ಪಂಚಾಯಿತಿಗೆ ಹೇಳಬೇಕಾ?

ಶೆಡ್ಡಿಗೆ ಬೇರೆ ಮನೆ ನಂಬರ್ ಇದ್ದು ಕಂದಾಯ ಕಟ್ಟುತ್ತಿದ್ದರೆ ಹೇಳಿ. ಇಲ್ಲದಿದ್ದರೆ ಇಲ್ಲದ ಕಟ್ಟಡಕ್ಕೆ ಡಿಮ್ಯಾಂಡ್ ಬರುತ್ತಲೇ ಇರುತ್ತದೆ. ತೆಗೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪಿಡಿಒ ಅವರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಜಾಗ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿ ಇದ್ದರೆ, ಅಥವಾ ಅರ್ಧ ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಇದ್ದರೆ, ಮೊದಲು ಆ ಮಾತುಕತೆ ಮುಗಿಸಿ. ಬೋಲ್ಟ್ ಕಟರ್ ಆಮೇಲೆ ತೆಗೆದುಕೊಂಡರಾಯಿತು.